ಸದ್ದಿಲ್ಲದ ಮಾಲು

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ನಮ್ಮ ಕೊಬ್ಬರಿ ಸಾಹುಕಾರರು ಕೈಚೀಲದಿಂದ ಬಿಸ್ಕತ್ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಎಂಟು ಹಳೆಯ ವಾಲ್ವುಗಳು, ಅಂದರೆ ಟ್ರಾನ್ಸಿಸ್ಟರಿಗೂ ಮುಂಚೆ ದನಿ ಹಿಗ್ಗಿಸುತ್ತಿದ್ದ ಗಾಜಿನ ಕೊಳವೆಗಳು; ಮನೆಯ ರೇಡಿಯೊಗಳವು ಕೆಲವು, ಭಜನೆ ಮಂದಿರದ ಹಳೆಯ ಧ್ವನಿವರ್ಧಕದವು ಕೆಲವು.

"ಗಿಟಾರಿನವರು ತಮ್ಮ ಆಂಪ್ಲಿಫೈಯರಿಗೆ ಹಾಕಲು ಇವಕ್ಕೆ, ಅದರಲ್ಲೂ ಇಂಗ್ಲೆಂಡಿನ ಮಾಲಿಗೆ, ಚಿನ್ನದ ಬೆಲೆ ಕೊಡುತ್ತಾರಂತೆ, ಅಳಿಯ ಹೇಳಿದ," ಎಂದವರೇ ಒಂದನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿದರು. "ಸದ್ದೇ ಇಲ್ಲ. ಬಲಿತಿಲ್ಲ ಇದು."

"ಅದೇನು ತಿಪಟೂರಿನ ಕೊಬ್ಬರಿಯೇ, ಬಲಿತರೆ ಸದ್ದು ಮಾಡಲು?" ರೇಡಿಯೊ ರಿಪೇರಿಯಿಂದ ಮೊಬೈಲ್ ಅಂಗಡಿಗೆ ಬಡ್ತಿ ಪಡೆದ ಅಣ್ಣ ಕಸಿದುಕೊಂಡ. "ಗಡಗಡ ಎಂದರೆ ಒಳಗೇನೋ ಕಳಚಿದೆ ಎಂದರ್ಥ. ತುದಿಯ ಬೆಳ್ಳಿ ಲೇಪ ನೋಡಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಎಸೆಯಬಹುದು."

ಅವನು ಆರಿಸತೊಡಗಿದ. ಯುಸಿಎಚ್81, ಯುಎಲ್84 ಎಂದು 'ಯು'ವಿನಿಂದ ಶುರುವಾದವೆಲ್ಲ ಪಕ್ಕಕ್ಕೆ. ಅವು ಹಳೆಯ ರೇಡಿಯೊಗೇ ಲಾಯಕ್ಕು. ಉಳಿದದ್ದು ಎರಡು: ಒಂದು ಇಎಲ್84, ಒಂದು ಇಸಿಸಿ83. ಎರಡನೆಯದನ್ನೇ ಅಮೆರಿಕದವರು 12ಎಎಕ್ಸ್7 ಎನ್ನುತ್ತಾರೆ. ಇಎಲ್84ರ ಮೇಲೆ ಬಿಇಎಲ್, ಅಂದರೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಎಂದಿತ್ತು. ಇಂಗ್ಲೆಂಡಿನ ಮಾಲನ್ನು ಹುಡುಕಿದರೆ ಜಾಲಹಳ್ಳಿ ಸಿಕ್ಕಿತು ಎಂದು ಜತೆಗಿದ್ದ ಮೇಷ್ಟ್ರು ಹಿಗ್ಗಿದರು.

"ಇದರಲ್ಲಿ ಅಂಥದ್ದೇನಿದೆ?"

"ಜೋರಾಗಿ ಬಾರಿಸಿದರೆ ಟ್ರಾನ್ಸಿಸ್ಟರಿನ ದನಿ ಫಟ್ಟನೆ ಒಡೆಯುತ್ತದೆ. ವಾಲ್ವಿನದು ಮೆಲ್ಲಗೆ, ಹದವಾಗಿ ಒಡೆಯುತ್ತದೆ. ಗಿಟಾರಿನವರಿಗೆ ಆ ಒಡಕೇ ಬೇಕು."

"ಒಡಕು ದನಿಗೆ ದುಡ್ಡೇ?" ಸಾಹುಕಾರರು ಕೆಂಡವಾದರು. "ಇದೇ ಒಡಕಿಗೆ ಭಜನೆ ಮಂದಿರದ ಮೈಕಿನವನಿಗೆ ನಾವು ಎರಡು ವರ್ಷ ಬೈದಿದ್ದೇವೆ!"

ಇಸಿಸಿ83ರ ಗಾಜಿನ ಮೇಲೆ ಧೂಳಿನಡಿ ಮುಲ್ಲಾರ್ಡ್ ಎಂಬ ಇಂಗ್ಲೆಂಡಿನ ಕಂಪನಿಯ ಹೆಸರು ಮಸುಕಾಗಿ ಕಾಣುತ್ತಿತ್ತು. ಸ್ಪಷ್ಟವಾಗಲಿ ಎಂದು ಸಾಹುಕಾರರು ಚಟ್ನಿ ಹತ್ತಿದ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. ಧೂಳು ಹೋಯಿತು. ಹೆಸರೂ ಹೋಯಿತು.

ಅಣ್ಣ ತಲೆ ಮೇಲೆ ಕೈ ಹೊತ್ತ. ಆ ಕಾಲದ ಅಚ್ಚೇ ಅಷ್ಟು, ಬೆರಳು ತಾಗಿದರೆ ಸಾಕು. "ಹೆಸರು ಹೋದರೇನು, ಮಾಲು ಅದೇ ಅಲ್ಲವೇ?" ಎಂದರು ಸಾಹುಕಾರರು. ವ್ಯಾಪಾರಿಯ ಬಾಯಲ್ಲಿ ಈ ಮಾತು ಕೇಳಿದ್ದು ನಾನು ಅದೇ ಮೊದಲು.

ಅಣ್ಣ ಬುಡವನ್ನು ಮೊಬೈಲ್ ದೀಪಕ್ಕೆ ಹಿಡಿದ. ಕಡ್ಡಿಗಳ ಹತ್ತಿರ ಬೂದು ಬಣ್ಣದ ಪುಟ್ಟ ಅಕ್ಷರಗಳಲ್ಲಿ ಒಂದು 'ಬಿ' ಉಳಿದಿತ್ತು. "ಮುಲ್ಲಾರ್ಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯ ಗುರುತು. ಬಲ್ಲವರು ಇದನ್ನೇ ನೋಡುವುದು. ಮೇಲಿನ ಹೆಸರನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಇನ್ನು ಟೆಸ್ಟರಿಗೆ ಹಾಕಿ, ಶಕ್ತಿ ಎಷ್ಟು ಉಳಿದಿದೆ ನೋಡಿದ ಮೇಲೆಯೇ ಬೆಲೆಯ ಮಾತು."

ಸಾಹುಕಾರರು ಕೈ ತೊಳೆದು ಬಂದು ಅದನ್ನು ಕರವಸ್ತ್ರದಲ್ಲಿ ಸುತ್ತಿದರು. ಸುತ್ತುವ ಮುನ್ನ ಕಿವಿಯ ಬಳಿ ಇನ್ನೊಮ್ಮೆ ಅಲುಗಾಡಿಸಿದರು.

"ಸದ್ದೇ ಇಲ್ಲ," ಎಂದರು, ಮುಖವೆಲ್ಲ ನಗುವಾಗಿ.