ಬೈಕ್ ಟ್ರೇನಿಂಗ್ ತಗೊಂಡ್ರ ಇನ್ಶೂರೆನ್ಸ್ ರೊಕ್ಕ ಕಡಿಮಿ ಆಗತೈತೇನ್ರಿ?

ನವನಗರ_349 (ಬಾಗಲಕೋಟೆ):
ನಮಸ್ಕಾರ್ರಿ ಎಲ್ಲಾರಿಗೂ. ನಂದು 349 ಸಿಸಿ ಗಾಡಿ, ತಗೊಂಡು ಎರಡು ವರ್ಷ ಆತು, ದಿನಾ ಕೆಲಸಕ್ಕ ಮುಧೋಳಕ್ಕ ಹೋಗಿ ಬರ್ತೀನಿ. ಈ ತಿಂಗಳ ಕಡೀಕ ರಿನ್ಯೂ ಐತಿ, ಕೊಟೇಶನ್ ಬಂದೈತಿ, ಓಡಿ (ಓನ್ ಡ್ಯಾಮೇಜ್, ನಮ್ಮ ಗಾಡಿಗೆ ಆಗೋ ಹಾನಿದ್ದು) 2,000, ಅದರಾಗ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡದಿದ್ದಕ್ಕ ಸಿಗೋ ಡಿಸ್ಕೌಂಟ್) 25% ಕಳದು 1,500, ಮ್ಯಾಲ ಜಿಎಸ್‌ಟಿ 18%. ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬ್ಯಾರೆಯವ್ರಿಗೆ ಆಗೋ ಹಾನಿದ್ದು) ಮಾತ್ರ ಶೋರೂಮ್‌ನಾಗ ಐದು ವರ್ಷದ್ದು ಒಮ್ಮೆಲೆ ಕಟ್ಟೀನಿ. ನಮ್ಮ ಮಾವನ ಮಗ ಇಂಗ್ಲೆಂಡ್‌ನಾಗ ಅದಾನ, ಅಲ್ಲಿ ಅಡ್ವಾನ್ಸ್ ರೈಡಿಂಗ್ ಸರ್ಟಿಫಿಕೇಟ್ ತೋರಿಸಿದ್ರ ಕೆಲವು ಕಂಪನಿಯವ್ರು ಪ್ರೀಮಿಯಂ ಇಳಸ್ತಾರಂತ ಹೇಳಿದ. ಪುಣೆದಾಗ ಎರಡು ದಿನದ ಟ್ರೇನಿಂಗ್ ಐತಿ, ಫೀ 9,000. ಮನ್ಯಾಗ ಕೇಳಾಕತ್ತಾರ ಅಷ್ಟು ರೊಕ್ಕ ಹಾಕಿದ್ರ ಏನ್ ಬರತೈತಿ ಅಂತ. ನಮ್ಮ ಕಡೆ ಆ ಸರ್ಟಿಫಿಕೇಟ್‌ಗೆ ಡಿಸ್ಕೌಂಟ್ ಕೊಡ್ತಾರೇನ್ರಿ? ಗೊತ್ತಿದ್ದವ್ರು ಹೇಳ್ರಿ.

ಗುಮ್ಮಟನಗರಿ_ಏಜೆಂಟ್ (ವಿಜಯಪುರ):
ಅಣ್ಣಾರ, ನಾ 11 ವರ್ಷದಿಂದ ಇದೇ ಕೆಲಸದಾಗ ಇದ್ದೀನಿ, ಒಬ್ಬರ ಪಾಲಿಸಿಗೂ ಟ್ರೇನಿಂಗ್ ಸರ್ಟಿಫಿಕೇಟ್ ನೋಡಿ ರೇಟ್ ಇಳಿಸಿದ್ದು ನೋಡಿಲ್ಲ. ಯಾಕಂದ್ರ ಇಂಗ್ಲೆಂಡ್‌ನಾಗ ಓಡಸಾವ ಯಾರು, ಅವನ ವಯಸ್ಸೆಷ್ಟು, ಅನುಭವ ಎಷ್ಟು ಅಂತ ನೋಡಿ ರೇಟ್ ಹಾಕ್ತಾರ, ನಮ್ಮಲ್ಲಿ ಗಾಡಿ ನೋಡಿ ಹಾಕ್ತಾರ. ಥರ್ಡ್ ಪಾರ್ಟಿ ಅಂತೂ ಸರ್ಕಾರ ಫಿಕ್ಸ್ ಮಾಡಿದ್ದು, 2022ರ ಜೂನ್ 1ಕ್ಕ ಜಾರಿಗೆ ಬಂದ ರೇಟ್ ಪ್ರಕಾರ 75ರಿಂದ 150 ಸಿಸಿಗೆ ವರ್ಷಕ್ಕ 714, 150ರಿಂದ 350ಕ್ಕ 1,366, 350 ದಾಟಿದ್ರ 2,804. ಹೊಸಾ ಗಾಡಿಗೆ ಐದು ವರ್ಷದ್ದು ನಿಮ್ಮ ಸಿಸಿಗೆ 7,365. ನೀವು ಎಷ್ಟೇ ಚಲೋ ಓಡಸ್ರಿ, ಇದರಾಗ ಒಂದು ರೂಪಾಯಿನೂ ಹಿಂದ ಮುಂದ ಆಗಂಗಿಲ್ಲ.

ಉಳಿದದ್ದು ಓಡಿ. ಇದರಾಗ 2007ರಿಂದ ಕಂಪನಿಯವ್ರು ತಮ್ಮ ರೇಟ್ ತಾವ ಇಡಬಹುದು, ಆದ್ರ ಅದಕ್ಕೂ ಐಡಿವಿ (ಇನ್ಶೂರೆನ್ಸ್‌ನವ್ರು ಗಾಡಿಗೆ ಹಿಡಿಯೋ ಬೆಲಿ), ಸಿಸಿ, ಗಾಡಿ ಎಷ್ಟು ಹಳೇದು ಅನ್ನೋದ ಲೆಕ್ಕ. ಹಳೇ ಟ್ಯಾರಿಫ್‌ನಾಗ ಆಟೋಮೊಬೈಲ್ ಅಸೋಸಿಯೇಶನ್ ಮೆಂಬರ್ ಇದ್ರ 5% ಬಿಡ್ತಿದ್ರು, ಟೂ ವೀಲರ್‌ಗೆ ಅದೂ 50 ರೂಪಾಯಿ ದಾಟಂಗಿಲ್ಲ. 2022ರ ಜುಲೈದಾಗ ಐಆರ್‌ಡಿಎಐನವ್ರು (ಇನ್ಶೂರೆನ್ಸ್ ಕಂಪನಿಗಳ ಮ್ಯಾಲ ನಿಗಾ ಇಡೋ ಸರ್ಕಾರಿ ಸಂಸ್ಥೆ) ಹೆಂಗ ಓಡಸ್ತೀರಿ ಅಂತ ನೋಡಿ ರೇಟ್ ಹಾಕೋ ಆಡ್-ಆನ್‌ಗೆ (ಪಾಲಿಸಿ ಜೋಡಿ ಹೆಚ್ಚಿಗಿ ತಗೊಳ್ಳೋ ಕವರ್) ಒಪ್ಪಿಗಿ ಕೊಟ್ಟಾರ, ಅದೂ ಬ್ರೇಕ್ ಹೊಡಿಯೋದು, ಸ್ಪೀಡು ನೋಡ್ತದ, ಸರ್ಟಿಫಿಕೇಟ್ ನೋಡಂಗಿಲ್ಲ.

ಈಗ ನಿಮ್ಮ ಲೆಕ್ಕಾನ ಮಾಡೋಣು. ಯಾವುದೋ ಕಂಪನಿ 10% ಬಿಟ್ಟಿತು ಅಂತ ಇಟ್ಕೊಳ್ರಿ, 1,500ರಾಗ 150 ಆತು, 9,000 ವಾಪಸ್ ಬರಾಕ 60 ವರ್ಷ ಬೇಕು. ಪ್ರೀಮಿಯಂ ಸಲುವಾಗಿ ಪುಣೆಕ್ಕ ಹೋಗಬ್ಯಾಡ್ರಿ.

ಆದ್ರ ಎನ್‌ಸಿಬಿ ಮಾತ್ರ ಕೈಬಿಡಬ್ಯಾಡ್ರಿ, ಖರೇ ಡಿಸ್ಕೌಂಟ್ ಅಂದ್ರ ಅದ. ಕ್ಲೇಮ್ ಇಲ್ಲದ ಒಂದು ವರ್ಷಕ್ಕ 20%, ಆಮ್ಯಾಲ 25, 35, 45, 50. ಒಂದು ಕ್ಲೇಮ್ ಮಾಡಿದ್ರ ಮತ್ತ ಸೊನ್ನೆಯಿಂದ ಶುರು. ನಿಮ್ಮ ಓಡಿ 2,000 ಹಂಗೇ ಇತ್ತು ಅಂತ ಹಿಡದ್ರ ಬರೋ ವರ್ಷ ಕ್ಲೇಮ್ ಮಾಡಿದ್ರ ಮುಂದಿನ ಐದು ವರ್ಷದಾಗ 2,100 ಕಳಕೋತೀರಿ. ಹಂಗಾಗಿ ಇಂಡಿಕೇಟರ್, ಲಿವರ್ ಮುರದದ್ದಕ್ಕ ಕ್ಲೇಮ್ ಹಾಕಬ್ಯಾಡ್ರಿ, ಕೈಯಾಗಿಂದ ಮಾಡಿಸ್ರಿ. ಇನ್ನೊಂದು, ಪಾಲಿಸಿ ಮುಗದು 90 ದಿನ ದಾಟಿದ್ರ ಎನ್‌ಸಿಬಿ ಪೂರ್ತಿ ಹೋಗ್ತದ, ನಮ್ಮ ಕಡೆ ಭಾಳ ಮಂದಿ ಹಿಂಗ ಮರತು ಕಳಕೊಂಡಾರ.

ಘಟಪ್ರಭಾ_ಟೀಚರ್ (ಗೋಕಾಕ):
ಏಜೆಂಟ್ ಅಣ್ಣಾರು ಹೇಳಿದ್ದು ಖರೇ ಐತ್ರಿ, ಆದ್ರ ನಾ ಒಂದು ಹೇಳ್ಬೇಕು. ನಾ ಹೋದ ವರ್ಷ ಬೆಳಗಾವ್ಯಾಗ ಒಂದು ದಿನದ ಟ್ರೇನಿಂಗ್ ತಗೊಂಡೆ, ಒಂದು ಖಾಲಿ ಮೈದಾನದಾಗ ಮುಂಜಾನಿಂದ ಸಂಜೀತನ ಬ್ರೇಕ್ ಹಿಡಿಯೋದ ಕಲಿಸಿದ್ರು. 14 ವರ್ಷ ಗಾಡಿ ಓಡಿಸೀನಿ, ಮುಂದಿನ ಬ್ರೇಕ್ ಮುಟ್ಟಿದ್ರ ಬೀಳ್ತೀವಿ ಅಂತ ನಮ್ಮಪ್ಪ ಹೇಳಿದ್ದನ್ನ ಹಂಗೇ ನಂಬಿದ್ದೆ. ಅಲ್ಲಿ ಗೊತ್ತಾತು, ಬ್ರೇಕ್ ಹಿಡದಾಗ ಭಾರ ಎಲ್ಲಾ ಮುಂದಿನ ಗಾಲಿ ಮ್ಯಾಲ ಬರತೈತಿ, ಗಾಡಿ ನಿಲ್ಲಸೋದು ಅದ. ಗಪ್ಪನ ಒತ್ತಬಾರದು, ನಿಂಬಿಹಣ್ಣು ಹಿಂಡಿದಂಗ ಹಗರಕ ಶುರು ಮಾಡಿ ಬಿಗಿ ಮಾಡ್ಕೊಂತ ಹೋಗ್ಬೇಕು.

ಜನವರಿಯಾಗ ಕಬ್ಬಿನ ಸೀಸನ್ ಜೋರ ಇತ್ತು, ಸಂಜಿ ಏಳು ಆಗಿತ್ತು, ಎದುರಿನಿಂದ ಬಸ್ಸಿನ ಲೈಟ್ ಕಣ್ಣಿಗೆ ಹೊಡಿತು, ಅದು ದಾಟಿದ ಮ್ಯಾಲ ನೋಡಿದ್ರ ಮುಂದ ಡಬಲ್ ಟ್ರಾಲಿ ನಿಂತೈತಿ. ರಿಫ್ಲೆಕ್ಟರ್ ಇಲ್ಲ, ಲೈಟ್ ಇಲ್ಲ, ಕಬ್ಬಿನ ಜಲ್ಲಿ ಹಿಂದ ಎರಡು ಮಾರು ಹೊರಗ ಬಂದಿದ್ವು. ನನ್ನ ಸ್ಪೀಡ್ 50 ಇತ್ತು. ಟ್ರೇನಿಂಗ್‌ನಾಗ ಹೇಳಿದ್ದು ತಲ್ಯಾಗ ಬಂತು, ಟ್ರಾಲಿ ನೋಡಬ್ಯಾಡ, ಹೋಗಬೇಕಾದ ಸಂದಿ ನೋಡು, ಎಲ್ಲಿ ನೋಡ್ತಿ ಗಾಡಿ ಅಲ್ಲೇ ಹೋಗತೈತಿ. ಎರಡೂ ಬ್ರೇಕ್ ಹಿಡದು ಸ್ಪೀಡ್ ಇಳಿಸಿ ಬ್ರೇಕ್ ಬಿಟ್ಟು ಎಡಕ್ಕ ಮಣ್ಣಿಗೆ ಇಳದೆ. ಕಬ್ಬಿನ ಗರಿ ಹೆಲ್ಮೆಟ್‌ಗೆ ಸವರಿಕೊಂಡು ಹೋತು, ಗಾಜಿನ ಮ್ಯಾಲ ಗೀಟು ಇನ್ನೂ ಐತಿ. ಮುಧೋಳ ರೋಡ್ ಅಂದ್ರೂ ಇದ ಕಥಿ ಅಲ್ಲೇನ್ರಿ ಅಣ್ಣಾ? 60ರಾಗ ಹೊಂಟ್ರ ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಹೋಗ್ತೀವಿ, ಬ್ರೇಕಿಗೆ ಕೈ ಹೋಗೋದ್ರಾಗ ಅಷ್ಟು ದಾರಿ ಮುಗದಿರತೈತಿ. ಮನಿಯವ್ರಿಗೆ ಇದನ್ನ ಹೇಳ್ರಿ, 150 ರೂಪಾಯಿ ಲೆಕ್ಕ ಹೇಳಬ್ಯಾಡ್ರಿ.

ಶಹಾಪುರ_ಕಾಕಾ (ಬೆಳಗಾವಿ):
ತಮ್ಮಾ, ಟ್ರೇನಿಂಗ್‌ಗೆ ಹೋಗೂಕಿಂತ ಮೊದಲ ಲೈಸೆನ್ಸ್ ತಗದು ತಾರೀಖು ನೋಡು. ನಮ್ಮ ಅಳಿಯಂದು ಲೈಸೆನ್ಸ್ ಮುಗದು ಎಂಟು ತಿಂಗಳಾಗಿತ್ತು, ಯಾರೂ ನೋಡಿರಲಿಲ್ಲ. ವಂಟಮುರಿ ಘಾಟಿನಾಗ ಮಳಿ ಬಿದ್ದಾಗ ಜಾರಿ ಬಿದ್ದ, ಕಾಲು ಮುರೀತು, ಗಾಡಿ ಫೋರ್ಕ್ ಬಗ್ಗಿತ್ತು. ಕಂಪನಿಯವ್ರು ಕ್ಲೇಮ್ ರಿಜೆಕ್ಟ್ ಮಾಡಿದ್ರು, 23,000 ನಾವ ಹಾಕಿದ್ವಿ. ಹತ್ತು ವರ್ಷ ತಪ್ಪದ ಪ್ರೀಮಿಯಂ ಕಟ್ಟಿದಾವ ಅವ, ನನಗ ಇವತ್ತಿಗೂ ಹೊಟ್ಟಿ ಉರೀತೈತಿ. ಮಾಲಕಂದು 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಐತಲ್ಲ, ಅದಕ್ಕೂ ಚಾಲ್ತಿ ಲೈಸೆನ್ಸ್ ಬೇಕ ಬೇಕು. ನಿನ್ನ ಕೊಟೇಶನ್‌ನಾಗ ಆ ಕವರ್ ಕಾಣವಲ್ದು, ಬ್ಯಾರೆ ಪಾಲಿಸಿ ಐತೇನ ಕೇಳು, ಇಲ್ಲಂದ್ರ ಹಾಕಿಸು.

ನವನಗರ_349 (ಬಾಗಲಕೋಟೆ):
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಕಾಕಾ, ಈಗ ನೋಡಿದೆ, ಲೈಸೆನ್ಸ್ ಇನ್ನೂ ಆರು ವರ್ಷ ಐತಿ, ಆದ್ರ ಆ 15 ಲಕ್ಷದ್ದು ಶೋರೂಮ್‌ನವ್ರು ಒಂದ ವರ್ಷಕ್ಕ ಹಾಕಿದ್ರು, ಹೋದ ವರ್ಷ ಮುಗದೈತಿ, ನನಗ ಗೊತ್ತ ಇರಲಿಲ್ಲ. ನಾಳೆ ಮಾಡಿಸ್ತೀನಿ. ಅಕ್ಕಾರ, ನಿಮ್ಮದು ಓದಿ ಮನ್ಯಾಗ ತೋರಿಸಿದೆ, ಆಕಿ ಏನೂ ಮಾತಾಡ್ಲಿಲ್ಲ, ಆಮ್ಯಾಲ "ಬೆಳಗಾವ್ಯಾಗಿಂದು ಎಷ್ಟು ರೊಕ್ಕ ಕೇಳ್ರಿ" ಅಂದ್ಲು. ಫೀ ಎಷ್ಟು, ನಮ್ಮ ಗಾಡಿನ ಒಯ್ಯಬೇಕೇನು ಹೇಳ್ರಿ. ದೀಪಾವಳಿ ಆದಮ್ಯಾಲ ಟ್ರಾಲಿ ಶುರು ಆಗ್ತಾವ, ಅದರೊಳಗ ಹೋಗಿ ಬರ್ಬೇಕಂತ ಮಾಡೀನಿ. ಬಾಗಲಕೋಟಿ, ಲೋಕಾಪುರ ಕಡಿಂದ ಯಾರರ ಬರಾವ್ರಿದ್ರ ತಿಳಸ್ರಿ, ಕೂಡಿ ಹೋಗೂಣು.