ಸಾಗರಕ್ಕೆ ಬಂದು ಹತ್ತು ತಿಂಗಳು: ಪುಸ್ತಕಗಳಿವೆ, ಓದುಗರಿಲ್ಲ

ಇಶ್ಯೂ ಕೌಂಟರ್:

ಧಾರವಾಡದ ಒಂದು ಕಾಲೇಜಿನಲ್ಲಿ 31 ವರ್ಷ ಗ್ರಂಥಪಾಲಕಿಯಾಗಿದ್ದೆ. ನಿವೃತ್ತಿಯಾದ ಮೇಲೆ ಮಗನ ನೌಕರಿಯ ಬೆನ್ನು ಹಿಡಿದು ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಅಂಚಿಗೆ ಬಂದಿದ್ದೇನೆ. ಸುತ್ತ ತೋಟ, ಮೇಲೆ ಮಳೆ. ಲಾರಿಯಲ್ಲಿ ಬಂದ ಸಾಮಾನಿನಲ್ಲಿ ಅರ್ಧಕ್ಕರ್ಧ ಪುಸ್ತಕಗಳೇ, ಸುಮಾರು 1,200. ಹಜಾರದ ಎರಡು ಗೋಡೆಗೆ ಕಪಾಟು ಹಾಕಿಸಿ, ಪ್ರತಿಯೊಂದರ ಬೆನ್ನಿಗೂ ಚೀಟಿ ಅಂಟಿಸಿದೆ. ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಪಕ್ಕದ ಮನೆಯ ಹುಡುಗಿ ಅದನ್ನು ನೋಡಿ, ‘ಅಜ್ಜಿ, ಎಲ್ಲ ಪುಸ್ತಕಕ್ಕೂ ಒಂದೇ ಬೆಲೆಯಾ?’ ಎಂದು ಕೇಳಿದಳು.

ಗೇಟಿಗೆ ಬೋರ್ಡು ಹಾಕಿದೆ: ‘ಉಚಿತ ವಾಚನಾಲಯ. ಸಂಜೆ 4ರಿಂದ 6. ಒಮ್ಮೆಗೆ ಒಂದೇ ಪುಸ್ತಕ. 14 ದಿನಗಳೊಳಗೆ ಹಿಂದಿರುಗಿಸಬೇಕು. ಮೌನವಾಗಿರಿ.’ ಕೊನೆಯ ಮಾತನ್ನು ನಾನು ಯೋಚಿಸಿ ಬರೆದದ್ದಲ್ಲ, ಕೈಗೆ ಅಭ್ಯಾಸವಾಗಿಬಿಟ್ಟಿದೆ. ಮೂರು ತಿಂಗಳಲ್ಲಿ ಏಳು ಜನ ಬಂದರು. ಅವರಲ್ಲಿ ಒಬ್ಬ ಓದಲು ಬಂದದ್ದು ವಿದ್ಯುತ್ ಮೀಟರನ್ನು.

ಜನ ಕೆಟ್ಟವರೆಂದು ಖಂಡಿತ ಹೇಳಲಾರೆ. ದಾರಿಯಲ್ಲಿ ಕಂಡರೆ ಒಳಗೆ ಕರೆದು ಕಷಾಯ ಕೊಡುತ್ತಾರೆ. ಆದರೆ ಮಾತು ಅಡಿಕೆಯ ಧಾರಣೆಗೆ, ಕೊಳೆರೋಗಕ್ಕೆ ಹೊರಳಿದ ಕೂಡಲೇ ನಾನು ಮೂಕಿ. ರಾಶಿ ಎಂದರೆ ಗುಡ್ಡೆ ಎಂದಷ್ಟೇ ತಿಳಿದವಳಿಗೆ ಅದು ಅಡಿಕೆಯ ಒಂದು ಬಗೆ ಎಂದು ಗೊತ್ತಾಗಲು ಒಂದು ಚಳಿಗಾಲ ಬೇಕಾಯಿತು. ಈಗ ಆಗಸ್ಟ್. ರೆಕ್ಸಿನ್ ಹೊದಿಕೆಗಳ ಮೇಲೆಲ್ಲ ಬಿಳಿ ಬೂಸ್ಟು. ಪ್ರತಿ ವಾರ ಒಣಬಟ್ಟೆಯಲ್ಲಿ ಒರೆಸುತ್ತೇನೆ, ಮಾರನೆಯ ವಾರ ಮತ್ತೆ ಹಾಜರು. ಧಾರವಾಡದಲ್ಲಿ ಮಳೆ ನೋಡಿದ್ದೇನೆ ಎಂಬ ಜಂಬವೊಂದಿತ್ತು, ಅದೂ ಇಳಿಯಿತು.

ಹೊಸ ಊರಿನಲ್ಲಿ ಬೇರು ಬಿಟ್ಟ ಹಿರಿಯರು ಇಲ್ಲಿದ್ದರೆ ಹೇಳಿ: ನಾನು ಎಲ್ಲಿ ತಪ್ಪುತ್ತಿದ್ದೇನೆ?

ತೋಟದಮನೆ:

ಅಕ್ಕಾ, ನಾನು ಇದೇ ತಾಲ್ಲೂಕಿನವನು. ಸಂಜೆ 4ರಿಂದ 6 ಎಂದರೆ ಕೊಟ್ಟಿಗೆ ಕೆಲಸ, ಹಾಲು ಕರೆದು ಡೈರಿಗೆ ಮುಟ್ಟಿಸುವ ಹೊತ್ತು. ಆಗ ಯಾರು ಬರುತ್ತಾರೆ? ಎಲ್ಲರಿಗೂ ಬಿಡುವಾಗುವುದು ದೀಪ ಹಚ್ಚಿದ ಮೇಲೆ.

ಬೂಸ್ಟಿಗೆ ನಾನೇ ಉಪಾಯ ಹೇಳಬಲ್ಲೆ, ಆದರೆ ಹೇಳುವುದಿಲ್ಲ. ಒಂದು ಪುಸ್ತಕ ತೆಗೆದುಕೊಂಡು ಪಕ್ಕದ ಮನೆಗೆ ಹೋಗಿ ಕೇಳಿ. ನೀವು ಇಷ್ಟು ದಿನ ಕೊಡುತ್ತೇನೆ, ಕೊಡುತ್ತೇನೆ ಎಂದು ಗೇಟಿನಲ್ಲಿ ನಿಂತಿದ್ದೀರಿ. ನಮ್ಮ ಕಡೆ ಪುಕ್ಕಟೆ ಕೊಡುವವರ ಮನೆಗೆ ಹೋಗಲು ಜನ ಸಂಕೋಚಪಡುತ್ತಾರೆ. ಕೇಳಿಕೊಂಡು ಬಂದವರನ್ನು ಮಾತ್ರ ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಮಳೆಗಾಲದಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತವಿಲ್ಲದೆ ಕುಳಿತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ, ಎಲ್ಲಾದರೂ ಇದ್ದೇ ಇರುತ್ತದೆ, ಹೋಗಿ ಕುಳಿತುಕೊಳ್ಳಿ.

ಹಳೆಯ ಕ್ಯಾಟಲಾಗ್:

ಮೇಡಂ, ನಾನೂ ನಿಮ್ಮ ಕುಲದವನೇ, ಸಾರ್ವಜನಿಕ ಗ್ರಂಥಾಲಯದಲ್ಲಿ ಸವೆದವನು. ನಮ್ಮ ಗ್ರಂಥಾಲಯ ವಿಜ್ಞಾನದ ಹಿರಿಯ ರಂಗನಾಥನ್ ಅವರ ಐದು ಸೂತ್ರಗಳನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಅವು ಪುಸ್ತಕವಾಗಿ ಬಂದ 1931ರಲ್ಲೇ ತಮಿಳುನಾಡಿನ ಮನ್ನಾರ್‌ಗುಡಿಯ ಬಳಿ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೋಗುವ ಗ್ರಂಥಾಲಯ ಶುರುವಾಯಿತು. ಗಾಡಿ ಓದುಗನ ಬಳಿಗೆ ಹೋಯಿತು. ನೀವು ನಿವೃತ್ತಿಯಾದ ಮೇಲೂ ಕೌಂಟರ್ ಬಿಟ್ಟು ಎದ್ದಿಲ್ಲ, ನಿಮ್ಮ ಹೆಸರೇ ಹೇಳುತ್ತದೆ.

ಇನ್ನೊಂದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು, ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. ಹತ್ತಿರದ್ದು ಯಾವುದೆಂದು ನೋಡಿ. ಮೇಲ್ವಿಚಾರಕರು ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ಪುಸ್ತಕ ಜೋಡಿಸಲು ಬರುವ ಒಂದು ಜೋಡಿ ಕೈಯನ್ನು ಬೇಡ ಎನ್ನಲಾರರು. ಆದರೆ ಸಲಹೆಗಾರ್ತಿಯಾಗಿ ಹೋಗಬೇಡಿ. ನಿವೃತ್ತರು ಬಂದು ಸಲಹೆ ಕೊಡುವುದು ಎಷ್ಟು ಹಿಂಸೆ ಎಂದು ನಮಗಿಬ್ಬರಿಗೂ ಗೊತ್ತು.

ಮೈಸೂರು ಮಗಳು:

ನನ್ನ ಅಮ್ಮ ವಿಜಯಪುರದಿಂದ ಮೈಸೂರಿಗೆ ಬಂದವರು. ಮೊದಲ ಎರಡು ವರ್ಷ ಅವರ ಮಾತು ಕೇಳಿದರೆ ಅಂಗಡಿಯವರು ನಗುತ್ತಿದ್ದರು. ಅಮ್ಮ ಭಾಷೆ ಬದಲಿಸಲಿಲ್ಲ, ಶೇಂಗಾ ಚಟ್ನಿಪುಡಿ ಮಾಡಿ ಹಂಚಿದರು. ನಗು ನಿಂತಿತು, ಡಬ್ಬಿಗಳು ವಾಪಸು ಬರಲಿಲ್ಲ. ಪುಸ್ತಕಕ್ಕೂ ಅದೇ ಗತಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಇಶ್ಯೂ ಕೌಂಟರ್ (ಮೂರು ವಾರಗಳ ನಂತರ):

ಎಲ್ಲರಿಗೂ ವಂದನೆ. ‘ಹಳೆಯ ಕ್ಯಾಟಲಾಗ್’ ಅವರ ಚುಚ್ಚು ಮಾತಿಗೆ ಎರಡು ದಿನ ಕೋಪ ಬಂದಿತ್ತು, ಇಳಿದಿದೆ.

ತೋಟದಮನೆಯವರು ಹೇಳಿದಂತೆ ಬೂಸ್ಟು ಹಿಡಿದ ಒಂದು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದೆ. ಆ ಮನೆಯ ಅಮ್ಮ ಮೂಸಿ ನೋಡಿ, ‘ಕಪಾಟನ್ನು ಗೋಡೆಗೆ ಅಂಟಿಸಿ ಇಟ್ಟಿದ್ದೀರಾ?’ ಎಂದರು. ಇಟ್ಟಿದ್ದೆ. ಗೋಡೆಯ ತೇವವೆಲ್ಲ ಪುಸ್ತಕಕ್ಕೆ ಏರುತ್ತಿತ್ತು. ಕಾಲೇಜಿನಲ್ಲಿ ಹುಡುಗರಿಗೆ ಇದನ್ನೇ ಪಾಠ ಹೇಳಿದವಳು ನಾನು! ಅವರ ಮಗ ಬಂದು ಕಪಾಟುಗಳನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಟ್ಟ. ಹುಳಕ್ಕೆಂದು ಅಮ್ಮ ಹಿತ್ತಿಲಿನ ಬಜೆ ಬೇರನ್ನು ಕಿತ್ತು, ಒಣಗಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟರು. ಹಳೆಯ ಓಲೆಗರಿಗಳ ನಡುವೆ ಬಜೆ ಇಡುತ್ತಿದ್ದರೆಂದು ಓದಿದ್ದೆ, ಹಸಿಯ ಬಜೆಯ ಘಾಟು ಮೂಗಿಗೆ ಬಿದ್ದದ್ದು ಮೊದಲ ಸಲ.

ಹೊರಡುವಾಗ ಯಜಮಾನರು ಬಾಗಿಲ ಬಳಿ ತಡೆದರು. ಅವರು ತಾಳಮದ್ದಳೆಯ ಅರ್ಥಧಾರಿ, ಪಾತ್ರದ ಮಾತು ಆಡುವವರು. ‘ಹರಿಬ’ ಎಂಬ ಪದಕ್ಕೆ ಸರಿಯಾದ ಅರ್ಥ ಬೇಕಿತ್ತಂತೆ; ಕೆಲಸ ಎಂದು ಗೊತ್ತು, ಅಷ್ಟೇ ಸಾಲದು ಎಂದರು. 31 ವರ್ಷಗಳಲ್ಲಿ ನನ್ನ ಕೌಂಟರಿಗೆ ಬಾರದಂಥ ಪ್ರಶ್ನೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕೊನೆಯ ಸಂಪುಟವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕೊಡೆ ಹಿಡಿದು ಮತ್ತೆ ಹೋದೆ. ಹೊಣೆ ಎಂಬ ಅರ್ಥ ಸಿಕ್ಕಿದಾಗ ಅವರು ಅದನ್ನು ನಾಲ್ಕು ಸಲ ಬೇರೆ ಬೇರೆ ದನಿಯಲ್ಲಿ ಹೇಳಿಕೊಂಡರು. ಮನೆಗೆ ಬಂದಾಗ ಒಂಬತ್ತೂವರೆ.

ಶನಿವಾರ ಅವರ ಜೊತೆ ತಾಳಮದ್ದಳೆಗೂ ಹೋಗಿದ್ದೆ. ಅರ್ಧ ತಿಳಿಯಲಿಲ್ಲ. ಆದರೆ ಕರ್ಣನ ಬಾಯಲ್ಲಿ ‘ಹರಿಬ’ ಬಂದಾಗ ಅವರು ನನ್ನ ಕಡೆ ತಿರುಗಿ ನೋಡಿದರು, ಹಿಂದಿನ ಸಾಲಿನವರೂ ನೋಡಿದರು. ಈಗ ಆ ಹಿಂದಿನ ಸಾಲಿನಿಂದ ಮೂವರು ಬರುತ್ತಿದ್ದಾರೆ. ಅರಿವು ಕೇಂದ್ರಕ್ಕೆ ಇನ್ನೂ ಹೋಗಿಲ್ಲ, ಮಳೆ ಸ್ವಲ್ಪ ಬಿಡಲಿ.

ಬೋರ್ಡಿನಲ್ಲಿ ಸಮಯವನ್ನು 7ರಿಂದ 8.30 ಎಂದು ತಿದ್ದಿದ್ದೇನೆ, ಕೊನೆಯ ಮಾತಿಗೆ ಸುಣ್ಣ ಬಳಿದಿದ್ದೇನೆ. ನಿಘಂಟಿನ ಕೊನೆಯ ಸಂಪುಟ ಅವರ ಮನೆಯಲ್ಲೇ ಇದೆ. 14 ದಿನ ಕಳೆದ ಮಂಗಳವಾರಕ್ಕೇ ಮುಗಿಯಿತು. ಕೇಳಿಲ್ಲ.