ಕ್ವಾಂಟಂ ಕಂಪ್ಯೂಟರಿನಲ್ಲಿ 156 ಕ್ಯೂಬಿಟ್ ಇದ್ದರೂ ಲಿಥಿಯಂ ಹೈಡ್ರೈಡ್ ಲೆಕ್ಕ ಯಾಕೆ ಕೂಡಿಬರುತ್ತಿಲ್ಲ?

ಪ್ರಶ್ನೆ: ಎಸ್‌ಟಿಓ-3ಜಿ ಬೇಸಿಸ್‌ನಲ್ಲಿ (ಎಲೆಕ್ಟ್ರಾನ್ ಕಕ್ಷಕಗಳನ್ನು ಬರೆಯುವ ಚಿಕ್ಕ ಗಣ) ಲಿಥಿಯಂ ಹೈಡ್ರೈಡ್ ಅಣುವಿಗೆ 12 ಕ್ಯೂಬಿಟ್ (ಕ್ವಾಂಟಂ ಬಿಟ್) ಸಾಕು. ಯುಸಿಸಿಎಸ್‌ಡಿ ಸರ್ಕಿಟ್ (ಒಂದು ಅಥವಾ ಎರಡು ಎಲೆಕ್ಟ್ರಾನ್‌ಗಳ ಜಿಗಿತಗಳನ್ನೆಲ್ಲ ಸೇರಿಸುವ ಸರ್ಕಿಟ್) ಹಾಕಿ ವಿಕ್ಯೂಇ (ನಿಯತಾಂಕ ಬದಲಿಸುತ್ತ ಅತಿ ಕಡಿಮೆ ಶಕ್ತಿ ಹುಡುಕುವ ವಿಧಾನ) ಓಡಿಸಿದರೆ ಸಿಮ್ಯುಲೇಟರಿನಲ್ಲಿ ಉತ್ತರ ಸರಿಯಿದೆ. 156 ಕ್ಯೂಬಿಟ್‌ನ ಕ್ಲೌಡ್ ಯಂತ್ರದಲ್ಲಿ ಮಾತ್ರ ಹಾರ್ಟ್ರಿ-ಫಾಕ್ ಎಂಬ ಸರಳ ಅಂದಾಜಿಗಿಂತಲೂ ಕೆಟ್ಟ ಶಕ್ತಿ ಬರುತ್ತಿದೆ. ಈಗ 4,000 ಶಾಟ್ (ಸರ್ಕಿಟ್ ಓಡಿಸಿ ಅಳೆಯುವ ಸಲ) ಇಟ್ಟಿದ್ದೇನೆ. ಹೆಚ್ಚಿಸಲೇ?

ಉತ್ತರ 1: ಶಾಟ್ ವಿಷಯ ಆಮೇಲೆ. ಟ್ರಾನ್ಸ್‌ಪೈಲ್ (ಸರ್ಕಿಟ್ಟನ್ನು ಯಂತ್ರದ ಗೇಟ್‌ಗಳಿಗೆ ಇಳಿಸುವುದು) ಆದಮೇಲೆ ಎರಡು ಕ್ಯೂಬಿಟ್‌ನ ಗೇಟ್‌ಗಳು ಎಷ್ಟಿವೆ ಎಣಿಸಿ ನೋಡಿ, ಯುಸಿಸಿಎಸ್‌ಡಿ ಆದರೆ ಸಾವಿರಗಳ ಲೆಕ್ಕದಲ್ಲೇ ಇರುತ್ತವೆ. ಅಕ್ಕಪಕ್ಕ ಇಲ್ಲದ ಕ್ಯೂಬಿಟ್‌ಗಳನ್ನು ಕೂಡಿಸಲು ಸ್ವಾಪ್ (ಎರಡು ಕ್ಯೂಬಿಟ್‌ಗಳ ಸ್ಥಿತಿಯ ಅದಲುಬದಲು) ಬೇಕು, ಒಂದೊಂದು ಸ್ವಾಪಿಗೆ ಸಿನಾಟ್ ಎಂಬ ಎರಡು ಕ್ಯೂಬಿಟ್‌ನ ಗೇಟ್ ಮೂರು. ಗೇಟಿಗೆ 0.3% ದೋಷ ಅಂತ ಹಿಡಿದರೂ 1,000 ಗೇಟ್ ತಪ್ಪಿಲ್ಲದೆ ದಾಟುವ ಸಾಧ್ಯತೆ ಬರೀ 5%. 3,000 ಆದರೆ ಹತ್ತು ಸಾವಿರಕ್ಕೆ ಒಂದು. ಉಳಿದ 144 ಕ್ಯೂಬಿಟ್ ಸುಮ್ಮನೆ ಕೂತಿರುತ್ತವೆ, ಅಷ್ಟೆ.

ಸಮಸ್ಯೆಯನ್ನೇ ಕುಗ್ಗಿಸಿ. ಲಿಥಿಯಂನ 1ಎಸ್ ಕಕ್ಷಕವನ್ನು ಸ್ಥಿರಗೊಳಿಸಿ, ಬಂಧಕ್ಕೆ ಲಂಬವಾದ ಎರಡು ಪಿ ಕಕ್ಷಕಗಳನ್ನು ಬಿಡಿ. ಮೂರು ಕಕ್ಷಕ ಉಳಿದರೆ, ಒಂದಕ್ಕೆ ಎರಡರಂತೆ ಆರು ಕ್ಯೂಬಿಟ್. ಪ್ಯಾರಿಟಿ ಮ್ಯಾಪಿಂಗಿನಲ್ಲಿ (ಎಲೆಕ್ಟ್ರಾನ್ ಸಂಖ್ಯೆಯ ಸಮ-ಬೆಸವನ್ನು ಕ್ಯೂಬಿಟ್‌ಗಳಲ್ಲಿ ಬರೆಯುವ ವಿಧಾನ) ಇನ್ನೆರಡು ಕಳೆದು ನಾಲ್ಕು. ಆಮೇಲೆ ಯುಸಿಸಿಎಸ್‌ಡಿ ಬಿಟ್ಟು, ಯಂತ್ರದ ಜೋಡಣೆಗೆ ಹೊಂದುವ ಕಡಿಮೆ ಆಳದ ಸರ್ಕಿಟ್ ಹಾಕಿ. 50 ಗೇಟಿನೊಳಗೆ ನಿಂತರೆ ತಪ್ಪಿಲ್ಲದೆ ದಾಟುವ ಸಾಧ್ಯತೆ 86% ಉಳಿಯುತ್ತದೆ. ಅಂದಂದಿನ ಕ್ಯಾಲಿಬ್ರೇಷನ್ (ಯಂತ್ರದ ದೋಷಗಳ ಅಳತೆ) ನೋಡಿ ಒಳ್ಳೆಯ ಕ್ಯೂಬಿಟ್ ಜೋಡಿಗಳನ್ನು ನೀವೇ ಆರಿಸಿಕೊಳ್ಳಿ.

ಉತ್ತರ 2: ಶಾಟ್ ಕೂಡ ಸಾಲದು. ಅಳತೆಯ ಹರಡುವಿಕೆ 1 ಹಾರ್ಟ್ರಿ (ಶಕ್ತಿಯ ಮಾನ) ಇದ್ದರೆ 4,000 ಶಾಟಿಗೆ ಅನಿಶ್ಚಿತತೆ ಸುಮಾರು 16 ಮಿಲಿಹಾರ್ಟ್ರಿ. ರಸಾಯನಶಾಸ್ತ್ರಕ್ಕೆ ಬೇಕಾದ್ದು 1.6, ಅದಕ್ಕೆ ನೂರು ಪಟ್ಟು, ಅಂದರೆ 4 ಲಕ್ಷ ಶಾಟ್. ಅದೂ ಆಪ್ಟಿಮೈಸರಿನ ಪ್ರತಿ ಹೆಜ್ಜೆಗೆ! ಹಾಗಾಗಿ ನಿಯತಾಂಕಗಳನ್ನು ಸಿಮ್ಯುಲೇಟರಿನಲ್ಲೇ ಹದಗೊಳಿಸಿ, ಯಂತ್ರದಲ್ಲಿ ಕೊನೆಯ ಅಳತೆ ಮಾತ್ರ ಮಾಡಿ.

ಪ್ರಶ್ನೆ ಕೇಳಿದವರು: ಜೀರೋ-ನಾಯ್ಸ್ ಎಕ್ಸ್‌ಟ್ರಾಪೊಲೇಷನ್ (ಬೇಕೆಂದೇ ದೋಷ ಹೆಚ್ಚಿಸಿ ಅಳೆದು, ದೋಷವಿಲ್ಲದ ಉತ್ತರ ಅಂದಾಜು ಮಾಡುವುದು) ಹಾಕಿದರೆ 12 ಕ್ಯೂಬಿಟ್ಟೇ ಉಳಿಸಿಕೊಳ್ಳಬಹುದಾ?

ಉತ್ತರ 1: ಆಗಲ್ಲ. ಗೇಟ್‌ಗಳನ್ನು 1, 3, 5 ಪಟ್ಟು ಮಾಡಿ ಗೆರೆ ಎಳೆಯಬೇಕಾದರೆ ಮೊದಲ ಬಿಂದುವಿನಲ್ಲಾದರೂ ಸಂಕೇತ ಇರಬೇಕು. ನಿಮ್ಮದರಲ್ಲಿ ಮೂರೂ ಬರೀ ಗದ್ದಲ. ನಾಲ್ಕು ಕ್ಯೂಬಿಟ್‌ಗೆ ಹಾಕಿ, ರೀಡೌಟ್ (ಕ್ಯೂಬಿಟ್ ಓದುವಾಗಿನ ದೋಷ) ತಿದ್ದುಪಡಿಯನ್ನೂ ಸೇರಿಸಿ.

ಉತ್ತರ 3: ನಾಲ್ಕು ಕ್ಯೂಬಿಟ್ ಅಂದರೆ 16×16 ಮ್ಯಾಟ್ರಿಕ್ಸ್, ಲ್ಯಾಪ್‌ಟಾಪಿಗೆ ಕಣ್ಣು ಮಿಟುಕಿಸುವಷ್ಟು ಕೆಲಸ. ಯಂತ್ರವನ್ನು ಅರಿಯಲು ಮಾಡಿ, ಅಣುವನ್ನು ಅರಿಯಲು ಬೇಡ. 2023ರಲ್ಲಿ ಐಬಿಎಂ 127 ಕ್ಯೂಬಿಟ್‌ಗಳ ಮೇಲೆ ಮಾಡಿದ ಪ್ರಯೋಗವನ್ನೂ ಸ್ವಲ್ಪ ದಿನದಲ್ಲೇ ಟೆನ್ಸರ್ ನೆಟ್‌ವರ್ಕ್ ಎಂಬ ಗಣಿತ ವಿಧಾನದವರು ಮಾಮೂಲಿ ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರು. ಆಳವಾದ ಸರ್ಕಿಟ್ಟಿಗೆ ದೋಷ ತಿದ್ದುವಿಕೆಯೇ ಬೇಕು. 2024ರಲ್ಲಿ ಗೂಗಲ್‌ನ ವಿಲ್ಲೋ ಚಿಪ್ 101 ಕ್ಯೂಬಿಟ್ ಕೂಡಿಸಿ ಒಂದೇ ಒಂದು ತಾರ್ಕಿಕ ಕ್ಯೂಬಿಟ್ (ದೋಷ ತಿದ್ದಿಕೊಳ್ಳುವ ಕ್ಯೂಬಿಟ್) ಕಟ್ಟಿತು, ತಿದ್ದುವ ಪ್ರತಿ ಸುತ್ತಿನಲ್ಲಿ 0.143% ದೋಷ. ಅದೂ ಸ್ಥಿತಿಯನ್ನು ಕಾಪಾಡಿಕೊಂಡದ್ದಷ್ಟೇ, ಲೆಕ್ಕ ಮಾಡಿದ್ದಲ್ಲ.